ಮಸಿ ಬೆರಳು, ಬಿಳಿ ಸೇವಂತಿಗೆ

ನಮ್ಮ ಟೀಚರ್ ಬಲಗೈಯ ಕಿರುಬೆರಳು ಸದಾ ಕಪ್ಪು. ಎಷ್ಟು ತೊಳೆದರೂ ಮಸಿ ಹೋಗುತ್ತಿರಲಿಲ್ಲ. ಅವರೂ ಅದರ ಉಸಾಬರಿಗೆ ಹೋಗುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ, ನಾವಿದ್ದ ಇಂಗ್ಲಿಷ್ ಊರು ಎಜ್‌ವೇರ್‌ನ ಚರ್ಚ್ ಹಾಲಿನಲ್ಲಿ ಈ ಜಪಾನಿ ಅಜ್ಜಿ ಗುರುವಾರದಂದು ತಮ್ಮೂರಿನ ಮಸಿಚಿತ್ರ ಕಲಿಸುತ್ತಿದ್ದರು. ಮೊದಲು ಗಟ್ಟಿ ಮಸಿಯನ್ನು ಕಲ್ಲಿನ ಮೇಲೆ ತೇಯಬೇಕು. ದೇವರಿಗೆ ಗಂಧ ತೇಯ್ದ ಕೈ ನನ್ನದು. ಅದೊಂದಕ್ಕೆ ಶಹಬ್ಬಾಸ್ ಸಿಕ್ಕಿತು. ನಾನು ಬಿಡಿಸಿದ ಹೂವನ್ನು ನೋಡಿ ಮಾತ್ರ, "ಹೂಕೋಸು ಚೆನ್ನಾಗಿದೆ" ಎನ್ನುತ್ತಿದ್ದರು.

ಅವರ ಪಾಲಿಗೆ ಹೂ ಬರೀ ಹೂವಲ್ಲ. ಹಿಮದಲ್ಲೇ ಅರಳುವ ಪ್ಲಮ್ ಎಂದರೆ ಧೈರ್ಯ. ಉಳಿದ ಹೂಗಳೆಲ್ಲ ಮುಗಿದ ಮೇಲೂ ಚಳಿಗೆ ಎದೆಯೊಡ್ಡಿ ನಿಲ್ಲುವ ಸೇವಂತಿಗೆ ಎಂದರೆ ಗಟ್ಟಿಜೀವ. ಆದರೂ ನನ್ನ ಜಡೆಯಲ್ಲಿ ಬಿಳಿ ಸೇವಂತಿಗೆ ಕಂಡ ದಿನ ಬೆಚ್ಚಿದರು. "ನಾವು ಬಿಳಿಯದನ್ನು ಸತ್ತವರಿಗೆ ಇಡುತ್ತೇವೆ!"

"ನಮ್ಮಲ್ಲಿ ಮುತ್ತೈದೆಯರು ಮುಡಿಯುತ್ತಾರೆ" ಎಂದೆ. ಇಬ್ಬರೂ ನಕ್ಕೆವು.

ಮರುವರ್ಷ, ಇಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನನ್ನ ಗಂಡ ಹೃದಯಾಘಾತದಿಂದ ತೀರಿಕೊಂಡರು. ಹೂವನ್ನೂ ಕುಂಚವನ್ನೂ ಒಟ್ಟಿಗೇ ಬಿಟ್ಟೆ. ಮನೆಯ ಹೊಸಿಲು ದಾಟುವುದೇ ಬೇಡವಾಗಿತ್ತು.

ಒಂದು ಮಧ್ಯಾಹ್ನ ಟೀಚರೇ ಬಂದರು. ತಂದಿದ್ದ ಬಿಳಿ ಸೇವಂತಿಗೆಯನ್ನು ಗಂಡನ ಫೋಟೋದ ಮುಂದಿಟ್ಟು ತಲೆಬಾಗಿದರು. ಆಮೇಲೆ ನನ್ನ ಜಡೆ ನೋಡಿ, "ಹೂವೆಲ್ಲಿ?" ಎಂದರು.

"ನಮ್ಮಲ್ಲಿ ಗಂಡ ಹೋದ ಮೇಲೆ ಮುಡಿಯುವುದಿಲ್ಲ."

"ನಮ್ಮಲ್ಲಿ ಇದು ದುಃಖದ ಹೂ. ನಿಮಗೆ ದುಃಖವಾಗಿದೆ. ಹಾಗಾದರೆ ಇನ್ನು ನಮ್ಮ ಲೆಕ್ಕದಲ್ಲಿ ಮುಡಿಯಿರಿ" ಎಂದು ಒಂದು ಹೂವನ್ನು ಆ ಕಪ್ಪು ಬೆರಳಿನ ಕೈಯಿಂದಲೇ ನನ್ನ ಜಡೆಗೆ ಸಿಕ್ಕಿಸಿದರು.

ಬಾಗಿಲಲ್ಲಿ, ನಮ್ಮ ಜೊತೆಗೇ ಇದ್ದ ಅತ್ತೆ ನಿಂತಿದ್ದರು. ಧಾರವಾಡದವರು, ಎಳೆಯ ವಯಸ್ಸಿನಲ್ಲೇ ವಿಧವೆಯಾದವರು, ಈಗ ಮಗನನ್ನೂ ಕಳೆದುಕೊಂಡವರು. ಹೂ ತೆಗೆಯಲು ಕೈ ಎತ್ತಿದೆ.

"ತಗೀಬ್ಯಾಡವಾ, ಇರ್ಲಿ" ಎಂದರು ಅತ್ತೆ. "ನನಗ ಹೀಂಗ ಹೇಳಾವ್ರು ಯಾರೂ ಇರಲಿಲ್ಲ."

ಮುಂದಿನ ಗುರುವಾರ ಹಾಲಿಗೆ ಹೋದೆ. ಬಿಡಿಸಿದ್ದು ಮತ್ತೆ ಹೂಕೋಸೇ. ಟೀಚರ್ ಹಾಗೆಂದಾಗ ಎಷ್ಟೋ ತಿಂಗಳ ಮೇಲೆ ಜೋರಾಗಿ ನಕ್ಕೆ. ಆ ನಗುವನ್ನು ನನಗೆ ತಿರುಗಿ ಕೊಟ್ಟವರು ಅವರೇ.

ಕೆಲವು ವರ್ಷಗಳ ನಂತರ ಟೀಚರ್ ಹೋಗಿಬಿಟ್ಟರು. ಅಂತ್ಯಕ್ರಿಯೆಗೆ ಬಂದವರೆಲ್ಲ ಬಿಳಿ ಸೇವಂತಿಗೆ ಇಟ್ಟರು. ನಾನೂ ಇಟ್ಟೆ, ಒಂದನ್ನು ಮುಡಿದುಕೊಂಡೇ ಹೋಗಿದ್ದೆ. ಅವರ ಋಣ ನನ್ನೊಬ್ಬಳ ಮೇಲಿದೆ ಎಂದುಕೊಂಡು ಮನೆಗೆ ಬಂದೆ.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಇನ್ನೊಂದು ಹೂವು ಉಳದದೇನವಾ?"

ಉಳಿದಿತ್ತು. ಅತ್ತೆ ಕುರ್ಚಿ ಎಳೆದುಕೊಂಡು, ನನಗೆ ಬೆನ್ನು ಮಾಡಿ ಕುಳಿತರು. ಅವರ ಸಣ್ಣ ಬಿಳಿ ತುರುಬಿಗೆ ಮುಡಿಸಿದೆ.