ಗುರುತಿಗೆ ಕೇಳಿದ ನವಿಲು

ನವಿಲಿನ ಸ್ಟಿಕ್ಕರ್ ಅಂಟಿಸಿ ಬೆರಳಿನಿಂದ ಒತ್ತಿದ್ದೇ ತಡ, ಆ ಹೆಂಗಸಿನ ಎಂಪಿತ್ರೀ ಪ್ಲೇಯರ್ ಆರಿಹೋಯಿತು. ಬೀದರಿನ ಬಸ್‌ ನಿಲ್ದಾಣದ ಬಳಿಯ ಪುಟ್ಟ ಅಂಗಡಿಯಲ್ಲಿ ನಾನೇ ಚಿತ್ರ ಬರೆದು ಸ್ಟಿಕ್ಕರ್ ಮಾರುತ್ತಿದ್ದೆ. ಬರಗಾಲದ ಆ ವರ್ಷ ಎಕಂಬಾ ಹಳ್ಳಿಯ ಈ ಹೆಂಗಸು ಕೂಲಿಗೆಂದು ಪುಣೆಗೆ ಹೊರಟಿದ್ದಳು. ಕೂಲಿಗಳು ತಂಗುವ ಅಲ್ಲಿನ ಶೆಡ್ಡಿನಲ್ಲಿ ಎಲ್ಲರ ಬಳಿಯೂ ಇಂಥದೇ ಪ್ಲೇಯರ್ ಇದ್ದುದರಿಂದ, ಅದಲುಬದಲಾಗದಿರಲೆಂದು ಗುರುತು ಕೇಳಿದ್ದಳು.

“ಅಕ್ಕಾರ, ತೀರಿಹೋದ ನಮ್ಮವ್ವನ ದನಿ ಇದರಾಗಷ್ಟೇ ಅದರಿ,” ಎಂದಳು.

ಸ್ಟಿಕ್ಕರ್ ಕಿತ್ತು ಪ್ಲೇಯರನ್ನು ಚಾರ್ಜಿಗೆ ಹಾಕಿದೆ. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಕಡೆಗೂ ದೀಪ ಹತ್ತಿ, ಮುದುಕಿಯೊಬ್ಬಳ ಬೀಸುಕಲ್ಲಿನ ಪದ ಕೇಳಿಸಿತು. ಮತ್ತೆ ಸ್ಟಿಕ್ಕರ್ ಹಚ್ಚುವಷ್ಟರಲ್ಲಿ ಅವಳು ಪ್ಲೇಯರನ್ನು ಕಸಿದುಕೊಂಡು ಬಸ್ಸಿಗೆ ಓಡಿದಳು.

ಗುರುತಿಲ್ಲದ ಆ ಪ್ಲೇಯರ್ ಅವಳ ಬಳಿಯೇ ಉಳಿಯಿತೋ ಇಲ್ಲವೋ ಎಂಬ ಚಿಂತೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.