ತಟ್ಟೆ ತೊಳೆದ ನೀರು

ಕಳೆದ ತಿಂಗಳು ಗದ್ವಾಲದಲ್ಲಿ ಒಂದು ಮದುವೆಗೆ ಹೋಗಿದ್ದೆ. ಕೈ ತೊಳೆಯುವ ಜಾಗದ ಪಕ್ಕದಲ್ಲೇ ಎಂಜಲು ಸುರಿಯುವ ದೊಡ್ಡ ಡ್ರಮ್ಮು ಇಟ್ಟಿದ್ದರು. ಅರ್ಧ ತಿಂದ ಜಿಲೇಬಿ, ಬಗಾರ ಅನ್ನ, ಮೊಸರು ಎಲ್ಲ ಬಿಸಿಲಿಗೆ ಹುಳಿಗಟ್ಟಿ ಮೂಗಿಗೆ ಬಡಿಯುವ ವಾಸನೆ. ರೇಷ್ಮೆ ಸೀರೆಯ ಹೆಂಗಸೊಬ್ಬಳು ಮುಟ್ಟದ ಹೋಳಿಗೆಯನ್ನೂ ಅದರೊಳಗೆ ಎಸೆದು ಬೆರಳ ತುದಿ ಒರೆಸಿಕೊಂಡಳು. ಆಗ ಅಕ್ಕ ನೆನಪಾದಳು...

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಇದೇ ಗದ್ವಾಲದವಳು, ಏಳೆಂಟು ವರ್ಷದ ಹಿಂದೆ ನಾವು ಮಸ್ಕತ್ತಿನಲ್ಲಿದ್ದಾಗ ನನ್ನ ಗಂಡನ ಕಂಪನಿಯ ಮ್ಯಾನೇಜರ್ ಮನೆಯಲ್ಲಿ ಅಡುಗೆಗಿದ್ದಳು. ನಾನು ಹತ್ತಿರದ ಮಕ್ತಲ್ ಕಡೆಯವಳೆಂದು ತಿಳಿದ ದಿನ ತರಕಾರಿ ಅಂಗಡಿಯಲ್ಲೇ ಕೈ ಹಿಡಿದುಕೊಂಡು, "ನಮ್ಮ ಮಾತು ಕಿವಿಗೆ ಬಿದ್ದು ಎರಡು ವರ್ಷಾತು ತಂಗಿ, ಇನ್ನೊಂದೀಟು ಮಾತಾಡು" ಅಂದಿದ್ದಳು. ಶುಕ್ರವಾರದ ರಜೆಗೆ ನಮ್ಮಲ್ಲಿಗೆ ಬಂದು ರೊಟ್ಟಿ ಬಡಿದುಕೊಡುತ್ತಿದ್ದಳು. "ಮಗಳ ನರ್ಸಿಂಗ್ ಮುಗಿಯೋತನಕ ಈ ಮನ್ಯಾಗ ಹ್ಯಾಂಗಾರ ಇರಬೇಕು" ಎಂಬ ಮಾತು ಬಾರದ ವಾರವಿರಲಿಲ್ಲ.

ಆಕೆಯ ಕೊರಳಲ್ಲಿ ಲಿಂಗವಿತ್ತು. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯುತ್ತಿದ್ದಳು. ನನ್ನ ಅಪ್ಪನೂ ಸಾಯುವವರೆಗೆ ಹಾಗೇ ಮಾಡಿದವನು. ಉಣ್ಣುವುದು ಪ್ರಸಾದ, ಒಂದು ಅಗುಳೂ ಮೋರಿಗೆ ಹೋಗಬಾರದು ಎಂಬುದು ನಮ್ಮ ಮನೆಗಳ ನೇಮ.

ಮ್ಯಾನೇಜರನ ಹೆಂಡತಿಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದೆವು. ಆಕೆಯೂ ನಮ್ಮ ದೇಶದವಳೇ. ಆ ಮನೆಯಲ್ಲಿ ಅಕ್ಕನಿಗೆ ಲೋಟ ಬೇರೆ, ತಟ್ಟೆ ಬೇರೆ, ಸೋಫಾದ ಮೇಲೆ ಕೂರುವಂತಿಲ್ಲ. ಅಂಥ ಮೇಡಂ, ಲಂಡನ್ನಿನಿಂದ ಕಂಪನಿಯ ದೊಡ್ಡ ಸಾಹೇಬ ಮತ್ತು ಆತನ ಹೆಂಡತಿ ಊಟಕ್ಕೆ ಬಂದ ದಿನ ಅಕ್ಕನನ್ನೂ ಮೇಜಿಗೆ ಕೂರಿಸಿದಳು. "ಇವಳನ್ನು ನಾವು ಕೆಲಸದವಳೆಂದು ನೋಡುವುದೇ ಇಲ್ಲ" ಎಂದು ಅವರ ಮುಂದೆ ನಕ್ಕಳು. ಥೂ, ಇಂಥ ತೋರಿಕೆಗಿಂತ ಹೇಸಿಗೆಯದು ಇನ್ನೇನಿದೆ. ಇದಕ್ಕಾಗಿ ವಾರವಿಡೀ ಅಕ್ಕನಿಗೆ ಚಮಚ, ಫೋರ್ಕು ಹಿಡಿಯುವುದನ್ನು ಕಲಿಸಿದ್ದಳಂತೆ. ನಮ್ಮನ್ನು ಆ ಮನೆಗೆ ಕರೆದದ್ದೂ ಅದೇ ಮೊದಲು. ಗುಮಾಸ್ತನ ಹೆಂಡತಿಗೆ ಅಲ್ಲಿ ಕುರ್ಚಿ ಸಿಕ್ಕಿದ್ದೇ ದೊಡ್ಡದೆಂದು ನಾನು ಮೈ ಬಿಗಿ ಹಿಡಿದು ಕೂತಿದ್ದೆ.

ಅಕ್ಕ ಚಮಚದಿಂದಲೇ ಅಚ್ಚುಕಟ್ಟಾಗಿ ಉಂಡಳು. ಉಂಡ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಗ್ಲಾಸಿನ ನೀರನ್ನು ಆ ಪಿಂಗಾಣಿ ತಟ್ಟೆಗೆ ಸುರಿದು, ಬೆರಳಾಡಿಸಿ, ಎರಡೂ ಕೈಯಿಂದ ಎತ್ತಿ ಕುಡಿದುಬಿಟ್ಟಳು.

ಸಾಹೇಬನ ಹೆಂಡತಿ, ಇದು ಯಾವ ಪದ್ಧತಿ ಎಂದು ಮೆಲ್ಲಗೆ ಕೇಳಿದಳು. ಅದರಲ್ಲಿ ಹೀಯಾಳಿಕೆ ಇರಲಿಲ್ಲ. ಮೇಡಂ ನನ್ನತ್ತ ತಿರುಗಿ ಹಿಂದಿಯಲ್ಲಿ, "ನಿಮ್ಮ ಕಡೆಯವಳಲ್ಲವೇ? ನಿಮ್ಮ ಮನೆಯಲ್ಲೂ ಹೀಗೇನಾ?" ಅಂದಳು.

ಹೌದು, ನಮ್ಮಪ್ಪನೂ ಹೀಗೇ ಮಾಡುತ್ತಿದ್ದ ಅಂದಿದ್ದರೆ ಸಾಕಿತ್ತು... ನಾನು ಮುಖ ಕಿವುಚಿ, "ಛೀ, ನಮ್ಮಲ್ಲಿ ಹೀಗಿಲ್ಲ. ಇದು ಹಳ್ಳಿಯವರ ಕೊಳಕು ಚಾಳಿ" ಅಂದೆ. ಅಕ್ಕನಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ನನ್ನನ್ನೊಮ್ಮೆ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮೇಡಂ ಆ ತಟ್ಟೆಯನ್ನು ಕಸದ ಬುಟ್ಟಿಗೆ ಹಾಕಿಸಿದಳು. ಹದಿನೈದು ದಿನದೊಳಗೆ ವೀಸಾ ರದ್ದು ಮಾಡಿಸಿ ಅಕ್ಕನನ್ನು ಊರಿಗೆ ಕಳಿಸಿದರು. ಹೊರಡುವ ದಿನ ನಾನು ಹೋಗಿ ಮುಖ ತೋರಿಸಲಿಲ್ಲ. ಮೇಡಂ ಮೇಲೆ ಎಷ್ಟು ಹೇಸಿಗೆಯೋ, ಅದಕ್ಕಿಂತ ಹೆಚ್ಚು ನನ್ನ ನಾಲಿಗೆಯ ಮೇಲೆ.

ಆ ಮದುವೆಯಿಂದ ನೇರವಾಗಿ, ಕೇಳಿಕೊಂಡು ಕೇಳಿಕೊಂಡು ಆಕೆಯ ಮನೆಗೆ ಹೋದೆ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಬಾಗಿಲ ಬೆಳಕಿಗೆ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ನರ್ಸಿಂಗ್ ಅರ್ಧಕ್ಕೇ ನಿಂತಿತ್ತಂತೆ. ನಾನು ಮಸ್ಕತ್ತಿನಲ್ಲಿದ್ದ ಮಕ್ತಲದವಳೆಂದು ಹೇಳಿದ್ದೇ ತಡ, ಎದ್ದು ನಿಂತಳು.

"ಕೂಡ್ರಿ ಚಿಗವ್ವಾ. ಅವ್ವ ನಿಮ್ಮ ಸುದ್ದಿ ಬಾಳ ಹೇಳಾಕಿ. ಅಷ್ಟು ದೊಡ್ಡೋರ ನಡುವ ನನ್ನ ಕಡಿಂದ ಮಾತಾಡಾಕ ಆಕಿ ಒಬ್ಬಾಕೇ ಇದ್ದಳು ಅಂತಿದ್ದಳು. ಖರೇನೇನ್ರಿ?"

ಮಗಳ ಮುಂದೆ ನನ್ನ ಮರ್ಯಾದೆಯನ್ನು ಯಾಕೆ ಉಳಿಸಿದಳೋ... ಕೇಳೋಣವೆಂದರೆ ಅಕ್ಕ ಇಲ್ಲ. ಹುಡುಗಿ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದವ್ವಾ, ಖರೇ" ಅಂದೆ.