ಮನೆಹೆಸರು ಇಡಬೇಕಿದ್ದ ಗ್ರಹ

ವರ್ಷಕ್ಕೊಮ್ಮೆ ನಾಪೋಕ್ಲು ಹತ್ತಿರ, ಹಿರಿಯರ ಕಾಲದ ಮೂಲಮನೆಯಾದ ಐನ್‌ಮನೆಯಲ್ಲಿ ನಮ್ಮ ಕುಟುಂಬದವರೆಲ್ಲ ಸೇರುತ್ತಾರೆ. ಈ ಸಲ ಹೋಗುವುದಕ್ಕೇ ನನಗೆ ಅಳುಕಿತ್ತು. ಕುಟುಂಬದ ಹಿರಿಯರಾದ ದೊಡ್ಡಪ್ಪ ಊರಿಗೆಲ್ಲ ಸಾರಿಬಿಟ್ಟಿದ್ದರು: ನಮ್ಮ ಹುಡುಗಿ ದೂರದ ನಕ್ಷತ್ರವೊಂದಕ್ಕೆ ಗ್ರಹ ಇರುವುದನ್ನು ಕಂಡುಹಿಡಿದಿದ್ದಾಳೆ, ಅದಕ್ಕೆ ನಮ್ಮ ಮನೆಹೆಸರನ್ನೇ ಇಡುತ್ತಾರೆ! ಹೆಸರಿಡುವುದು ನನ್ನ ಕೈಯಲ್ಲಿಲ್ಲ ಎಂದರೆ ಕೇಳುವವರು ಯಾರು? ನಾನು ಹೇಳಿದ ‘ಇರಬಹುದು’ ಊರು ಮುಟ್ಟುವಷ್ಟರಲ್ಲಿ ‘ಇದೆ’ ಆಗಿತ್ತು.

ನನ್ನ ಕೆಲಸ ನಕ್ಷತ್ರಗಳ ಓಲಾಟ ಅಳೆಯುವುದು. ಅಷ್ಟು ದೂರದ ಗ್ರಹ ಕಣ್ಣಿಗೆ ಕಾಣುವುದಿಲ್ಲ. ಆದರೆ ಸುತ್ತುವಾಗ ಅದು ತನ್ನ ನಕ್ಷತ್ರವನ್ನೂ ಸ್ವಲ್ಪ ಜಗ್ಗುತ್ತದೆ. ನಕ್ಷತ್ರ ಒಮ್ಮೆ ನಮ್ಮ ಕಡೆ, ಒಮ್ಮೆ ಆಚೆ ಸರಿಯುತ್ತದೆ, ಅದೂ ಮನುಷ್ಯ ನಡೆಯುವಷ್ಟು ನಿಧಾನಕ್ಕೆ. ಬೆಳಕಿನ ಬಣ್ಣದಲ್ಲಾಗುವ ಕೂದಲೆಳೆಯ ವ್ಯತ್ಯಾಸದಿಂದ ಆ ನಡಿಗೆಯನ್ನು ಹಿಡಿಯಬೇಕು. ವರ್ಷಗಟ್ಟಲೆ ಒಂದೇ ನಕ್ಷತ್ರದ ಬೆನ್ನುಬಿದ್ದು, ಹಿಡಿದೆ ಎಂದುಕೊಂಡಿದ್ದೆ. ಲೇಖನ ಕಳಿಸುವ ಮುಂಚೆ ಇನ್ನೊಮ್ಮೆ ಜಾಲಾಡಿದಾಗ, ಓಲಾಟದ ಅವಧಿಯೂ ನಕ್ಷತ್ರ ತನ್ನ ಸುತ್ತ ತಾನು ತಿರುಗುವ ಅವಧಿಯೂ ಒಂದೇ ಎಂದು ಗೊತ್ತಾಯಿತು. ಅದರ ಮೈಮೇಲಿನ ಕಪ್ಪು ಕಲೆಗಳು ತಿರುಗುತ್ತ ತಿರುಗುತ್ತ ಬೆಳಕಿನಲ್ಲಿ ಅಂಥದೇ ವ್ಯತ್ಯಾಸ ಮಾಡಿ ನನ್ನನ್ನು ಏಮಾರಿಸಿದ್ದವು.

“ಒಂದು ‘ಬಹುಶಃ’ ಸೇರಿಸಿ ಕಳಿಸಿಬಿಡಿ,” ಎಂದರು ಜೊತೆಯಲ್ಲಿ ಕೆಲಸ ಮಾಡುವವರು. ನನಗೆ ಮೈಯೆಲ್ಲ ಉರಿಯಿತು. ಹಾಗೆ ಕಳಿಸುವ ಆಸೆ ಇರಲಿಲ್ಲ ಎಂದಲ್ಲ, ಇತ್ತು, ಬೇಕಾದಷ್ಟು. ಅದಕ್ಕೇ ನಿರ್ಧರಿಸಿದೆ: ಮೊದಲು ಮನೆಯವರೆಲ್ಲರ ಮುಂದೆ ಹೇಳಿಬಿಡಬೇಕು, ಆಮೇಲೆ ಮಾತು ಬದಲಿಸುವ ದಾರಿಯೇ ನನಗೆ ಇರಬಾರದು.

ಊಟಕ್ಕೆ ಮೊದಲು ಅಂಗಳದಲ್ಲಿ ಎಲ್ಲರೂ ಕೂತಿದ್ದಾಗ ಎದ್ದು ನಿಂತೆ. ಗ್ರಹ ಇಲ್ಲ, ನಕ್ಷತ್ರದ ಕಲೆಗಳು ಹಾಗೆ ತೋರಿಸಿದವು, ಇದನ್ನು ನಾನೇ ಬರೆದು ಪ್ರಕಟಿಸುತ್ತೇನೆ ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾಚಿಕೆಯಾಯಿತು, ಆದರೂ ಕೂರಲಿಲ್ಲ.

“ಹಂಗಾರೆ ಗ್ರಹ ಇಲ್ಲೆನಾ?” ಎಂದು ದೊಡ್ಡಪ್ಪ ಕೇಳಿದರು.

“ಇಲ್ಲೆ ದೊಡ್ಡಪ್ಪ.”

“ನೀ ಹೇಳದಿದ್ರೆ ಯಾರಿಗಾರ್ ಗೊತ್ತಾತಿತ್ತಾ?”

“ಈಗ ಇಲ್ಲೆ. ಮುಂದೆ ಯಾರಿಗಾರ್ ಗೊತ್ತಾತಿತ್ತ್.”

ಅವರು, ಗ್ರಹ ಇಲ್ಲ ಎಂದು ಬರೆಯುವ ಲೇಖನದಲ್ಲಿ ನನ್ನ ಹೆಸರು ಹೇಗೆ ಹಾಕುತ್ತಾರೆ ಎಂದು ವಿಚಾರಿಸಿದರು. ಬರೀ ನನ್ನ ಹೆಸರು ಎಂದೆ.

“ಮನೆಹೆಸ್ರೂ ಸೇರ್ಸಿ ಹಾಕ್,” ಎಂದು ದೊಡ್ಡಪ್ಪ ಊಟಕ್ಕೆ ಎದ್ದರು.